ಎಳೆಯ ಮಕ್ಕಳ ಅವಧಾನದ ವಿಷಯವಾಗಿ ಕೆಲವು ಮಾತು

ಸ್ಮರಣ ಸಂಚಿಕೆಯ ಸಮಿತಿಯವರು ನಮ್ಮಿಂದ ಒಂದು ಲೇಖನವನ್ನು ಅಪೇಕ್ಷಿಸಿದಾಗ, ಕಟ್ಟಡಗಳ ಚರಿತ್ರೆಯನ್ನಾಗಲಿ ಪರೀಕ್ಷೆಯ ಫಲಿತಾಂಶಗಳನ್ನಾಗಲಿ ಬರೆಯಬೇಕೆಂದು ಅವರ ಮನಸ್ಸಿನಲ್ಲಿದ್ದಿತೋ ಏನೋ ನಾವರಿಯೆವು. ಅವುಗಳನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರಿದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯರಾದ ನೀವು ಅನೇಕರು ಈಗ ತಾಯಂದಿರಾಗಿ, ನಿಮ್ಮ ಹೆಣ್ಣುಮಕ್ಕಳ ಕೈಹಿಡಿದುಕೊಂಡು ಇದೇ ಗೇಟಿನೊಳಗೆ ಬರುತ್ತೀರಿ. ಬಂದಾಗ ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ಹೇಳುವ ಮಾತು ಬಹುಮಟ್ಟಿಗೆ ಒಂದೇ. "ಟೀಚರೇ, ಇವಳಿಗೆ ಬುದ್ಧಿ ಉಂಟು, ಗಮನ ಇಲ್ಲ. ಪುಸ್ತಕ ಹಿಡಿದು ಐದು ನಿಮಿಷ ಒಂದು ಕಡೆ ಕೂರುವುದಿಲ್ಲ." ಆ ಮಾತನ್ನು ಕುರಿತೇ ಈ ಸಾರಿ ಬರೆಯುವೆವು. ಅದರಲ್ಲಿ ನಮ್ಮದೇ ಒಂದು ತಪ್ಪಿನ ನಿವೇದನೆಯೂ ಸೇರಿದೆ.

೨೦೨೦ನೆಯ ಇಸವಿಯ ಮಾರ್ಚಿಯಲ್ಲಿ ಕೊರೋನ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದುದನ್ನು ಯಾರೂ ಮರೆತಿರಲಾರಿರಿ. ಒಂದರಿಂದ ಐದರವರೆಗಿನ ತರಗತಿಗಳು ನಮ್ಮ ರಾಜ್ಯದಲ್ಲಿ ತಿರುಗಿ ತೆರೆದದ್ದು ೨೦೨೧ನೆಯ ಇಸವಿಯ ಅಕ್ಟೋಬರ ೨೫ನೆಯ ತಾರೀಕಿಗೆ. ಒಂದನೆಯ ತರಗತಿಯ ಕೊನೆಯಲ್ಲಿ ಮನೆಗೆ ಹೋದ ಮಕ್ಕಳು ಮೂರನೆಯ ತರಗತಿಯ ಬೆಂಚಿನ ಮೇಲೆ ಬಂದು ಕುಳಿತರು. ಕುಳಿತರೆಂದು ಹೇಳಿದೆವು, ಆದರೆ ಕುಳಿತುಕೊಳ್ಳುವುದನ್ನೇ ಅವರು ಮರೆತಿದ್ದರು. ಆ ವರ್ಷ ಒಬ್ಬ ಉಪಾಧ್ಯಾಯಿನಿ ದೀರ್ಘ ರಜೆಯಲ್ಲಿದ್ದುದರಿಂದ ಮೂರನೆಯ ತರಗತಿಯ ಗಣಿತವನ್ನು ಕೆಲವು ತಿಂಗಳು ನಾವೇ ವಹಿಸಿಕೊಂಡೆವು.

ಆ ತರಗತಿಯಲ್ಲಿ ಒಬ್ಬ ಬಾಲಿಕೆ ಇದ್ದಳು. ಲೆಕ್ಕದ ಮೊದಲನೆಯ ಸಾಲನ್ನು ಅಂದವಾಗಿ ಬರೆಯುವಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕಣ್ಣು ಕಿಟಕಿಗೆ ಹೋಗುವುದು. ನೀರು ಕುಡಿಯಲು ಅಪ್ಪಣೆ ಕೇಳುವಳು. ಪೆನ್ಸಿಲನ್ನು ಕೆತ್ತುವುದಕ್ಕೆ ಹಿಡಿದರೆ ಅದು ಬೆರಳುದ್ದವಾಗುವ ತನಕ ಕೆತ್ತುವಳು. ನಾವು ಆಕೆಯನ್ನು ಮುಂದಿನ ಬೆಂಚಿಗೆ, ನಮ್ಮ ಮೇಜಿನ ಎದುರಿಗೇ, ತಂದು ಕೂರಿಸಿದೆವು. ತಲೆಯೆತ್ತಿದಾಗಲೆಲ್ಲ "ಇಲ್ಲಿ ನೋಡು" ಎಂದೆವು. ಒಂದು ತಿಂಗಳಲ್ಲಿ ಮೂರು ಸಲ ಆಕೆಯ ಡೈರಿಯಲ್ಲಿ ಕೆಂಪು ಶಾಯಿಯಿಂದ "ಗಮನ ಸಾಲದು" ಎಂದು ಬರೆದು, ಕೊನೆಗೆ ತಾಯಿಯನ್ನು ಕರೆಕಳುಹಿಸಿದೆವು.

ತಾಯಿ ನಮಗೆ ಹೊಸಬಳಲ್ಲ. ನಾವು ಈ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದ ಪ್ರಾರಂಭದ ವರ್ಷಗಳಲ್ಲಿ ನಮ್ಮಿಂದಲೇ ಗಣಿತ ಕಲಿತವಳು. ಆಕೆಗೆ ನಾವು ಮೊಬೈಲು ಫೋನಿನ ಕೇಡುಗಳನ್ನೂ, ಮುಂಜಾನೆ ನಾಲ್ಕಕ್ಕೆ ಎದ್ದು ಓದುವುದರ ಗುಣಗಳನ್ನೂ ವಿಸ್ತಾರವಾಗಿ ಹೇಳಿದೆವು. ಅದು ಎಷ್ಟೋ ತಾಯಂದಿರಿಗೆ ಹೇಳಿ ಹೇಳಿ ನಮಗೆ ಬಾಯಿಪಾಠವಾಗಿದ್ದ ಉಪದೇಶ. ಆಕೆ ಎಂಟನೆಯ ತರಗತಿಯಲ್ಲಿ ಹೇಗೆ ನಿಲ್ಲುತ್ತಿದ್ದಳೋ ಹಾಗೆಯೇ ತಲೆ ತಗ್ಗಿಸಿ ನಿಂತು, "ಆಗಲಿ ಟೀಚರೇ" ಎಂದು ಹೇಳಿ ಹೋದಳು.

ಇದರಿಂದ ಏನೂ ಗುಣ ಕಾಣಲಿಲ್ಲ. ರಜೆಯಲ್ಲಿದ್ದ ಉಪಾಧ್ಯಾಯಿನಿ ಹಿಂದಿರುಗಿದ ಕೆಲವು ದಿನಗಳ ಮೇಲೆ, ವಿನಯದಿಂದಲೇ, "ಮೇಡಂ, ತಾವೊಮ್ಮೆ ಹಿಂದಿನ ಬೆಂಚಿನಲ್ಲಿ ಕುಳಿತು ಈ ತರಗತಿಯನ್ನು ನೋಡಬೇಕು" ಎಂದರು. ತಮ್ಮ ಪಾಠವನ್ನು ನಾವು ಮೆಚ್ಚಬೇಕೆಂದು ಆಸೆಪಟ್ಟಿದ್ದಾರೆಂದು ಭಾವಿಸಿ ನಾವು ಒಪ್ಪಿಕೊಂಡೆವು. ಒಂದು ನೋಟುಪುಸ್ತಕವನ್ನು ಹಿಡಿದುಕೊಂಡು, ಮೂರನೆಯ ತರಗತಿಯ ಮಕ್ಕಳಿಗೆ ಮಾಡಿದ ಬೆಂಚಿನಲ್ಲಿ ಮೊಣಕಾಲುಗಳನ್ನು ಹೇಗೋ ಹೊಂದಿಸಿ, ನಲವತ್ತು ನಿಮಿಷದ ಪೂರ್ತಿ ಒಂದು ಪೀರಿಯಡು ಕುಳಿತೆವು.

ಮೊದಲು ಬಂದವನು ಜವಾನ, ಸೂಚನೆಯ ಪುಸ್ತಕ ಹಿಡಿದು. ಬಿಸಿಯೂಟಕ್ಕೆ ತಲೆಯೆಣಿಕೆ ಕೇಳಲು ಅಡುಗೆಯವರು ಬಂದರು. ಐದನೆಯ ತರಗತಿಯ ಹುಡುಗಿಯೊಬ್ಬಳು ಸೀಮೆಸುಣ್ಣ ಕೇಳಿಕೊಂಡು ಬಂದಳು. ಮಗಳು ಮರೆತುಬಂದ ಕೊಡೆಯನ್ನು ಕೊಡಲು ಒಬ್ಬ ತಂದೆ ಬಂದರು. ಜವಾನ ಎರಡನೆಯ ಸಲ ಬಂದನು; ಸ್ವಲ್ಪ ಹೊತ್ತಿನ ಮೇಲೆ ಮೂರನೆಯ ಸಲವೂ ಬಂದನು. ಹೀಗೆ ಹೊರಗಿನಿಂದ ಹನ್ನೊಂದು ತಡೆ. ಇನ್ನು ಉಪಾಧ್ಯಾಯಿನಿಯು ಲೆಕ್ಕವನ್ನು ಕೊಟ್ಟು, ಮಕ್ಕಳು ತಲೆತಗ್ಗಿಸಿದ ಮೇಲೆ, "ಅಂಚು ಬಿಟ್ಟು ಬರೆಯಿರಿ", "ಬೇಗ ಬೇಗ", "ಯಾರದು ಮುಗಿಯಿತು?" ಎಂದು ತಾವೇ ಒಂಬತ್ತು ಸಲ ಮೌನವನ್ನು ಮುರಿದರು. ಆ ಬಾಲಿಕೆ ನಾಲ್ಕು ಸಲ ಪುಸ್ತಕಕ್ಕೆ ಬಾಗಿದಳು. ನಾಲ್ಕು ಸಲವೂ ಯಾವುದಾದರೊಂದು ಸದ್ದಿಗೆ ತಲೆಯೆತ್ತಿದಳು. ಉಳಿದ ಮಕ್ಕಳ ಮನಸ್ಸೂ ಆಗ ಹೊರಗೆ ಹೋಗುತ್ತಿದ್ದಿರಬೇಕು. ಆದರೆ ಕಣ್ಣನ್ನು ಪುಸ್ತಕದ ಮೇಲಿಟ್ಟು ಮನಸ್ಸನ್ನು ಹೊರಗೆ ಕಳುಹಿಸುವ ಕಲೆ ಅವರಿಗೆ ಬಂದಿತ್ತು, ಈಕೆಗೆ ಇನ್ನೂ ಬಂದಿರಲಿಲ್ಲ. ಜವಾನ ತಂದ ಮೂರು ಸೂಚನೆಗಳ ಕೆಳಗೂ ನಮ್ಮದೇ ರುಜು ಇದ್ದಿತು.

ಫೆಬ್ರವರಿಯ ಒಂದು ರಜಾದಿನ ಬೆಳಿಗ್ಗೆ ಆಕೆಯ ಮನೆಗೆ ಹೋದೆವು. ನಮ್ಮ ಉಡುಪಿ ಸೀಮೆಯ ಮಲ್ಲಿಗೆಯನ್ನು ಬಲ್ಲವರಿಗೆ ಆ ಮನೆಯನ್ನು ವರ್ಣಿಸಬೇಕಾಗಿಲ್ಲ. ಅಂಗಳದ ಆಚೆ ಗಿಡಗಳ ಸಾಲು. ಬೆಳಕು ಹರಿಯುವಾಗಲೇ ಕೊಯ್ದು ತಂದ ಮೊಗ್ಗಿನ ರಾಶಿ. ಜಗಲಿಯಲ್ಲಿ ಅತ್ತೆಯೂ ಸೊಸೆಯೂ ಒದ್ದೆ ಬಾಳೆನಾರಿನಲ್ಲಿ ಕಟ್ಟುವ ಅವಸರ. ಈ ಹೂವನ್ನು ತೂಕದಿಂದ ಮಾರುವುದಿಲ್ಲ, ಎಣಿಕೆಯಿಂದ ಮಾರುವರು. ೮೦೦ ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕೊಳ್ಳುವವರು ಬರುವ ಹೊತ್ತಿಗೆ ಎಲ್ಲವೂ ಸಿದ್ಧವಾಗಿರಬೇಕು. ನಾವು ಮೆಟ್ಟಿಲು ಹತ್ತಿದಾಗ ತಾಯಿ ಏಳಲಿಲ್ಲ, ಮಾತಾಡಲಿಲ್ಲ. ತುಟಿಗಳು ಅಲುಗುತ್ತಿರಲು ಎಡಗೈಯನ್ನು ಮಾತ್ರ ಸ್ವಲ್ಪ ಮೇಲಕ್ಕೆತ್ತಿದಳು. ಅತ್ತೆ ಮೊಮ್ಮಗುವಿನ ಬಾಯಿಗೆ ಬೆರಳಿಟ್ಟರು. ಅಂಗಳದಲ್ಲಿದ್ದ ಗಂಡ ಹೆಜ್ಜೆಯ ಸದ್ದಾಗದಂತೆ ಬಂದು ನಮಗೆ ಕುರ್ಚಿಯನ್ನಿಟ್ಟರು. ಎಣಿಕೆ ಮುಗಿದ ಮೇಲೆ ಆಕೆ ನಾಚಿಕೆಯಿಂದ ಎದ್ದು, "ಬೇಜಾರು ಮಾಡಬೇಡಿ ಟೀಚರೇ, ಲೆಕ್ಕ ತಪ್ಪಿದರೆ ಪುನಃ ಮೊದಲಿನಿಂದ ಎಣಿಸಬೇಕು" ಎಂದಳು.

ಜಗಲಿಯ ಇನ್ನೊಂದು ಕೊನೆಯಲ್ಲಿ ಚಾಪೆಯ ಮೇಲೆ ನಮ್ಮ ವಿದ್ಯಾರ್ಥಿನಿ ಲೆಕ್ಕದ ಪುಸ್ತಕವನ್ನು ಹರಡಿಕೊಂಡು ಕುಳಿತಿದ್ದಳು. ನಾವು ಅಲ್ಲಿದ್ದ ಅರ್ಧ ಗಂಟೆಯಲ್ಲಿ ಆಕೆಯನ್ನು ಏಳು ಸಲ ಕರೆದರು. ಟೀಚರಿಗೆ ನೀರು ತಾ. ಅಜ್ಜಿಯ ಕನ್ನಡಕ ಎಲ್ಲುಂಟು ನೋಡು. ಕೋಳಿ ಹೂವಿಗೆ ಬಂತು, ಓಡಿಸು. ತಮ್ಮನನ್ನು ಎತ್ತಿಕೋ. ಇನ್ನಷ್ಟು ನಾರು ನೆನೆಸು. ಅಪ್ಪನ ಫೋನು ಆಡುತ್ತದೆ, ಕೊಡು. ಏಳನೆಯದು ಏನೆಂದು ಮರೆತೆವು. ಪ್ರತಿ ಸಲವೂ ಹುಡುಗಿ ಗೊಣಗದೆ ಎದ್ದು ಹೋಗಿ, ಬಂದು, ಕುಳಿತು, ಅದೇ ಲೆಕ್ಕವನ್ನು ಮೊದಲನೆಯ ಸಾಲಿನಿಂದ ಪುನಃ ಆರಂಭಿಸಿದಳು. ಒಳಗಿನ ಕೋಣೆಯಲ್ಲಿ ಆಕೆಯ ಅಣ್ಣ ಒಂಬತ್ತನೆಯ ತರಗತಿಯ ಪುಸ್ತಕ ಹಿಡಿದು ಕುಳಿತಿದ್ದನು. ಅವನನ್ನು ಒಮ್ಮೆಯೂ ಯಾರೂ ಕರೆಯಲಿಲ್ಲ.

ನಾವು ಸಿದ್ಧಪಡಿಸಿಕೊಂಡು ಹೋಗಿದ್ದ ಮಾತು ಬಾಯಿಗೆ ಬರಲಿಲ್ಲ. ನೋಟುಪುಸ್ತಕವನ್ನು ತೆರೆದು ತಾಯಿಗೆ ತೋರಿಸಿದೆವು. ಮೊದಲು ಶಾಲೆಯ ಪುಟವನ್ನು, ಆಮೇಲೆ ಆ ದಿನದ ಪುಟವನ್ನು. ಆಕೆ ಎರಡನ್ನೂ ಓದಿ ಬಹಳ ಹೊತ್ತು ಸುಮ್ಮನಿದ್ದು, "ನನ್ನನ್ನೂ ಹೀಗೇ ಕರೆಯುತ್ತಿದ್ದರು, ಟೀಚರೇ. ಎಸ್.ಎಸ್.ಎಲ್.ಸಿ.ಯಲ್ಲಿ ನಾನು ಗಣಿತದಲ್ಲಿ ಫೇಲಾದದ್ದು ನಿಮಗೆ ನೆನಪುಂಟಲ್ಲ?" ಎಂದಳು. ನೆನಪಿತ್ತು. ಆಕೆಯ ಪ್ರಗತಿಪತ್ರದಲ್ಲಿಯೂ "ಗಮನ ಸಾಲದು" ಎಂದು ಬರೆದವರು ನಾವೇ.

ನಾವು ಮಿಶನ್ ಬೋರ್ಡಿಂಗಿನಲ್ಲಿ ಬೆಳೆದವರು. ಸಾಯಂಕಾಲದ ಓದಿನ ಗಂಟೆ ಹೊಡೆದ ಮೇಲೆ ಮೇಟ್ರನ್ ಅಮ್ಮ ಬಾಗಿಲನ್ನು ಮುಚ್ಚುತ್ತಿದ್ದರು. ಊಟದ ಗಂಟೆಯ ತನಕ ನಮ್ಮನ್ನು ಯಾರೂ ಯಾವ ಕೆಲಸಕ್ಕೂ ಕರೆಯಕೂಡದು. ಆ ಏಕಾಗ್ರತೆ ನಮ್ಮ ಸ್ವಂತ ಗುಣವೆಂದು ಇಷ್ಟು ವರ್ಷ ನಂಬಿಕೊಂಡಿದ್ದೆವು. ಅರ್ಧಕ್ಕಿಂತ ಹೆಚ್ಚು ಪಾಲು ಆ ಮುಚ್ಚಿದ ಬಾಗಿಲಿನದೆಂದು ಆ ಜಗಲಿಯಲ್ಲಿ ಕುಳಿತಾಗ ತೋರಿತು.

ಟಿ.ಸಿ.ಎಚ್. ತರಬೇತಿಯ ಕಾಲದಲ್ಲಿ ಅವಧಾನವು ಐಚ್ಛಿಕ, ಅನೈಚ್ಛಿಕ ಎಂದು ಎರಡು ವಿಧವೆಂಬುದನ್ನು ಕಂಠಪಾಠ ಮಾಡಿ ಬರೆದು ಅಂಕಗಳನ್ನು ಪಡೆದಿದ್ದೆವು. ಈಗ ಹಳೆಯ ಪುಸ್ತಕಗಳನ್ನು ತಿರುಗಿ ತೆಗೆದು ಓದಿದೆವು. ವಿಲಿಯಂ ಜೇಮ್ಸ್ ಎಂಬ ಅಮೇರಿಕದ ಮನಶ್ಶಾಸ್ತ್ರಜ್ಞರು ೧೮೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ, ಉಪಾಧ್ಯಾಯರಿಗೆ ಮಾಡಿ ೧೮೯೯ರಲ್ಲಿ ಪುಸ್ತಕವಾಗಿ ಬಂದ ಉಪನ್ಯಾಸಗಳಲ್ಲಿಯೂ ತಿಳಿಸಿರುವುದೇನಂದರೆ, ಪ್ರಯತ್ನಪೂರ್ವಕವಾಗಿ ಒಂದು ವಿಷಯದ ಮೇಲಿಟ್ಟ ಮನಸ್ಸು ಕೆಲವು ಕ್ಷಣಗಳಿಗಿಂತ ಹೆಚ್ಚು ಹೊತ್ತು ಯಾರಲ್ಲಿಯೂ ನಿಲ್ಲದು. ದೀರ್ಘಾವಧಾನವೆಂದು ನಾವು ಹೇಳುವುದು, ಹೊರಗೆ ಹೋದ ಮನಸ್ಸನ್ನು ಪುನಃ ಪುನಃ ಒಳಕ್ಕೆ ಕರೆತರುವ ಪ್ರಯತ್ನಗಳ ಸಾಲು ಮಾತ್ರ. ಹಾಗಾದರೆ ಮಗುವಿಗೆ ಕಲಿಸತಕ್ಕದ್ದು ಅಲುಗದೆ ಕುಳಿತಿರುವುದನ್ನಲ್ಲ, ಹಿಂತಿರುಗಿ ಬರುವುದನ್ನು.

ನಮ್ಮ ನಾಡಿನ ಅವಧಾನಿಗಳ ಸಭೆಯನ್ನು ಕಂಡವರಿಗೆ ಇದು ಹೊಸದಾಗಿ ತೋರದು. ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗಕ್ಕೆಂದೇ ಒಬ್ಬ ಪೃಚ್ಛಕರು ಕುಳಿತು, ಹಾಸ್ಯದ ಪ್ರಶ್ನೆಗಳಿಂದ ಅವಧಾನಿಯ ಮನಸ್ಸನ್ನು ಎಳೆಯುತ್ತಿರುವರು. ಅವಧಾನಿಯು ಅವರಿಗೂ ಉತ್ತರ ಕೊಟ್ಟು, ಬಿಟ್ಟುಬಂದ ಪದ್ಯಪಾದಕ್ಕೆ ಮರಳುವರು. ಅದು ವರ್ಷಗಟ್ಟಲೆ ಸಾಧನೆ ಮಾಡಿದ ವಿದ್ವಾಂಸರ ಮಾತಾಯಿತು. ಅವರಿಗೂ ಸಭೆಯಲ್ಲಿ ಇಂಥವರು ಒಬ್ಬರೇ. ಎಂಟು ವರ್ಷದ ಮಗುವಿನ ಸುತ್ತ ನಾವು ಶಾಲೆಯಲ್ಲಿಯೂ ಮನೆಯಲ್ಲಿಯೂ ಇಷ್ಟೊಂದು ಮಂದಿ ಅಪ್ರಸ್ತುತ ಪ್ರಸಂಗಕ್ಕೆ ಕುಳಿತು, ಆಮೇಲೆ ಗಮನವಿಲ್ಲವೆಂದು ಡೈರಿಯಲ್ಲಿ ಬರೆಯುವೆವು.

ಮಕ್ಕಳಿಗೆ ಸಹಜವಾಗಿಯೇ ಏಕಾಗ್ರತೆ ಇಲ್ಲವೆಂಬುದೂ ಸರಿಯಲ್ಲ. ಡಾಕ್ಟರ್ ಮರಿಯಾ ಮಾಂಟೆಸೊರಿಯವರು ೧೯೦೭ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದವರು. ೧೯೩೯ರಲ್ಲಿ ಮದರಾಸಿನ ಅಡಯಾರಿಗೆ ಬಂದು ನಮ್ಮ ದೇಶದ ಅನೇಕ ಉಪಾಧ್ಯಾಯರಿಗೆ ತರಬೇತಿಯನ್ನು ಕೊಟ್ಟವರು. ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಮರದ ಉರುಟು ತುಂಡುಗಳನ್ನು ಅವುಗಳ ತೂತುಗಳಲ್ಲಿ ಕೂರಿಸುತ್ತಿದ್ದುದನ್ನು ಅವರು ಬರೆದಿದ್ದಾರೆ. ಸುತ್ತಲಿನ ಮಕ್ಕಳಿಂದ ಹಾಡಿಸಿದರೂ, ಕುಳಿತ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರೂ, ಆ ಮಗು ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ನಲವತ್ತಕ್ಕೂ ಹೆಚ್ಚು ಸಲ ಅದೇ ಕೆಲಸವನ್ನು ಮಾಡಿತಂತೆ. ಇದನ್ನು ತೋರಿಸಿ, ಗದ್ದಲ ಮಾಡಿದರೂ ಬಾಧಕವಿಲ್ಲವೆಂದು ಯಾರಾದರೂ ವಾದಿಸಬಹುದು. ಆದರೆ ಅದು ಮಗು ತಾನೇ ಆರಿಸಿಕೊಂಡ ಕೆಲಸ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕವನ್ನು ಯಾವ ಮಗುವೂ ತಾನಾಗಿ ಆರಿಸಿಕೊಂಡಿಲ್ಲ. ಅದಕ್ಕೆ ನಮ್ಮ ಸಹಾಯ ಬೇಕು.

ಶಾಲೆಯಲ್ಲಿ ನಾವು ಮಾಡಿದ ಬದಲಾವಣೆ ದೊಡ್ಡದೇನಲ್ಲ. ಸೂಚನೆಯ ಪುಸ್ತಕವು ಈಗ ದಿನದ ಮೊದಲಿಗೂ ಕೊನೆಗೂ ಮಾತ್ರ ತರಗತಿಗಳಿಗೆ ಹೋಗುವುದು. ಊಟದ ತಲೆಯೆಣಿಕೆಯನ್ನು ಹಾಜರಿಯ ಸಂಗಡಲೇ ಮುಗಿಸುವರು. ಇಂಗ್ಲೆಂಡಿನ ಶಾರ್ಲಟ್ ಮೇಸನ್ ಎಂಬ ಶಿಕ್ಷಣವೇತ್ತೆಯು ೧೮೮೬ರಲ್ಲಿಯೇ, ಎಂಟು ವರ್ಷಕ್ಕೆ ಕಿರಿಯರಾದವರ ಪಾಠವು ಇಪ್ಪತ್ತು ನಿಮಿಷಕ್ಕೆ ಮೀರಬಾರದೆಂದು ಹೇಳಿದ್ದರು. ಅದರಂತೆ ನಾವು ಕಿರಿಯ ತರಗತಿಗಳ ಪೀರಿಯಡನ್ನು ಎರಡಾಗಿ ಒಡೆದು, ಲೆಕ್ಕದ ಬೆನ್ನಿಗೆ ಕೈಗೆಲಸವನ್ನೋ ಹಾಡನ್ನೋ ಇಟ್ಟೆವು. ಆಷಾಢದ ಮಳೆ ಹಂಚಿನ ಮೇಲೆ ಬಡಿಯುವಾಗ ಉಪಾಧ್ಯಾಯಿನಿಯ ಧ್ವನಿ ಎರಡನೆಯ ಬೆಂಚಿಗೂ ಕೇಳದು. ಆಗ ಬಾಯಿಪಾಠವನ್ನು ಬಿಟ್ಟು ಬರೆಹವನ್ನೂ ಚಿತ್ರವನ್ನೂ ಮಾಡಿಸುವೆವು. ಇಷ್ಟು ಸಣ್ಣ ಸಂಗತಿ ನಮಗೆ ಮೊದಲೇ ತೋರದೆ ಹೋದದ್ದಕ್ಕೆ ಏನೆನ್ನಬೇಕೋ!

ಆ ಶಿಕ್ಷಣವೇತ್ತೆಯಿಂದಲೇ ಕಲಿತ ಇನ್ನೊಂದು ರೂಢಿ, ಒಂದು ಸಣ್ಣ ಭಾಗವನ್ನು ಒಂದೇ ಸಲ ಓದಿ, ಮಗುವಿನಿಂದ ಅದನ್ನು ತಿರುಗಿ ಹೇಳಿಸುವುದು. ಎರಡನೆಯ ಸಲ ಓದುವರೆಂದು ತಿಳಿದ ಮಗು ಮೊದಲನೆಯ ಸಲ ಕಿವಿಗೊಡದು. ಮೊದಮೊದಲು ನಮ್ಮ ಮಕ್ಕಳು ಬಾಯಿಬಿಡಲೇ ಇಲ್ಲ. ತುಳುವಿನಲ್ಲಾಗಲಿ ಕೊಂಕಣಿಯಲ್ಲಾಗಲಿ ಹೇಳಬಹುದೆಂದು ಅಪ್ಪಣೆ ಕೊಟ್ಟ ದಿನ, ಗಮನವಿಲ್ಲವೆಂದು ನಾವು ಎಣಿಸಿದ್ದ ಮೂವರು ಕಥೆಯನ್ನು ಅಂಗಡಿಯವನ ಮೀಸೆಯ ಸಹಿತವಾಗಿ ಒಪ್ಪಿಸಿದರು. ಅವರು ಕಿವಿಗೊಟ್ಟೇ ಇದ್ದರು, ಕನ್ನಡದಲ್ಲಿ ಹೇಳಲು ಮಾತ್ರ ಬಾರದೆ ಇದ್ದಿತು.

ನಮಗೆಲ್ಲರಿಗೂ ಕಠಿಣವಾದದ್ದು, ಕೆಲಸವನ್ನು ಕೊಟ್ಟ ಮೇಲೆ ಉಪಾಧ್ಯಾಯಿನಿಯು ಸುಮ್ಮನಿರುವುದು. ಎಂಟು ನಿಮಿಷ ಮಾತಾಡದಿರುವುದೆಂದು ನಿಯಮ ಮಾಡಿಕೊಂಡೆವು. ಮೊದಲನೆಯ ವಾರ ನಾವೇ ಮೂರು ಸಲ ಮುರಿದೆವು. ತಪ್ಪುಹೆಜ್ಜೆಗಳೂ ಆಗದೆ ಇರಲಿಲ್ಲ. ಮೇಜಿನ ಮೇಲೆ ಗಡಿಯಾರವನ್ನಿಟ್ಟು, ಯಾರು ಹೆಚ್ಚು ಹೊತ್ತು ತಲೆಯೆತ್ತದೆ ಇರುವರೆಂದು ಪಂದ್ಯ ಕಟ್ಟಿದೆವು. ಮಕ್ಕಳು ಗಡಿಯಾರವನ್ನೇ ನೋಡಿದರು. ಒಬ್ಬಳು ಸೋತೆನೆಂದು ಅತ್ತಳು. ಅದನ್ನು ಕೂಡಲೇ ಬಿಟ್ಟೆವು.

ಮನೆಯ ವಿಷಯದಲ್ಲಿ ಕೆಲವು ಮಾತು. ಮಗು ಓದಿನಲ್ಲಿ ನಿಲ್ಲದಿದ್ದರೆ ಮೊದಲು ಅದರ ನಿದ್ರೆ, ಬೆಳಗಿನ ಊಟ, ಕಣ್ಣು, ಕಿವಿ ಇವುಗಳನ್ನು ವಿಚಾರಿಸಿರಿ. ಕರಿಹಲಗೆ ಕಾಣದ ಮಗು ಕಿಟಕಿಯನ್ನು ನೋಡುವುದು ಆಶ್ಚರ್ಯವಲ್ಲ. ಆಟದಲ್ಲಿಯೂ ಪಾಠದಲ್ಲಿಯೂ, ಮನೆಯಲ್ಲಿಯೂ ಶಾಲೆಯಲ್ಲಿಯೂ, ತಿಂಗಳುಗಟ್ಟಲೆ ಒಂದೇ ತೆರನಾದ ಚಡಪಡಿಕೆ ಇರುವ ಮಕ್ಕಳೂ ಕೆಲವರುಂಟು. ಅದು ತುಂಟತನವಲ್ಲ, ತಾಯಿ ಬೆಳೆಸಿದ ದೋಷವೂ ಅಲ್ಲ. ಅಂಥವರನ್ನು ಮಕ್ಕಳ ವೈದ್ಯರಿಗೆ ತೋರಿಸಬೇಕು, ಸಂಕೋಚಪಡಬಾರದು. ಉಳಿದ ಮಕ್ಕಳಿಗೆ ದಿನವೂ ಒಂದೇ ಹೊತ್ತು, ಒಂದೇ ಸ್ಥಳ, ಮೊದಲು ಹತ್ತೇ ನಿಮಿಷ ಸಾಕು. ನೀರು ಕುಡಿಯುವುದೂ ಪೆನ್ಸಿಲು ಕೆತ್ತುವುದೂ ಕುಳಿತುಕೊಳ್ಳುವ ಮೊದಲೇ ಆಗಲಿ. ಮೊಬೈಲು ಫೋನನ್ನು ಒಳಗಿಡಿರಿ. ಮಗುವಿನ ಕೈಯಲ್ಲಿರುವುದನ್ನಷ್ಟೇ ಅಲ್ಲ, ಪಕ್ಕದಲ್ಲಿ ಕುಳಿತ ನಿಮ್ಮ ಕೈಯಲ್ಲಿರುವುದನ್ನೂ. ಮನಸ್ಸು ಹೋದಾಗ ಗದರಿಸಿದರೆ ಗದರಿಕೆಯೇ ಇನ್ನೊಂದು ತಡೆಯಾಗುವುದು. ಬಿಟ್ಟ ಸಾಲಿನ ಕೆಳಗೆ ಮೌನವಾಗಿ ಬೆರಳಿಟ್ಟರೆ ಸಾಕು. ಬೇಗ ಮುಗಿಸಿದವಳಿಗೆ ಬಹುಮಾನವೆಂದು ಇನ್ನೊಂದು ಪುಟವನ್ನು ಕೊಡಬೇಡಿರಿ. ನಾಳೆ ಅವಳು ಬೇಗ ಮುಗಿಸಲಾರಳು.

ಎದ್ದು ಹೋಗಲೇಬೇಕಾದಾಗ ಬಿಟ್ಟ ಜಾಗದಲ್ಲಿ ಒಂದು ಹುಣಿಸೆಬೀಜವನ್ನು ಇಟ್ಟು ಏಳುವಂತೆ ಆ ಬಾಲಿಕೆಗೆ ಹೇಳಿಕೊಟ್ಟೆವು. ಹಿಂತಿರುಗಿ ಬಂದವಳು ಮೊದಲನೆಯ ಸಾಲಿಗೆ ಹೋಗದೆ ಬೀಜವಿದ್ದಲ್ಲಿಂದ ಹಿಡಿಯುವಳು. ತರಗತಿಯ ಉಳಿದ ಮಕ್ಕಳೂ ಇದನ್ನು ಕಂಡು ಕಲಿತರು. ಆ ವರ್ಷ ನಮ್ಮ ಮೂರನೆಯ ತರಗತಿಯನ್ನು ಗುಡಿಸಿದಾಗಲೆಲ್ಲ ಹುಣಿಸೆಬೀಜಗಳು ಸಿಕ್ಕುತ್ತಿದ್ದವು.

ಇದಕ್ಕಿಂತ ಮುಖ್ಯವಾದ ಏರ್ಪಾಟನ್ನು ಆ ತಾಯಿ ತಾನೇ ಮಾಡಿದಳು. ನಾವು ಹೇಳಿಕೊಟ್ಟುದಲ್ಲ. ಹೂವನ್ನು ಎಣಿಸುವಾಗ ತನ್ನನ್ನು ಯಾರೂ ಕರೆಯಬಾರದೆಂಬ ನಿಯಮವನ್ನು ಮಗಳ ಲೆಕ್ಕಕ್ಕೂ ವಿಸ್ತರಿಸಿದಳು: ಸಂಜೆ ದೀಪ ಹಚ್ಚಿದ ಮೇಲೆ ಇಪ್ಪತ್ತು ನಿಮಿಷ ಮಗಳು ಕೈಯೆತ್ತಿದರೆ ಯಾರೂ ಕರೆಯಕೂಡದು. ನೀರು ಬೇಕಾದರೆ ಅಣ್ಣ ತರಲಿ. ಅತ್ತೆಯವರು ಕೆಲವು ದಿನ ಮುನಿಸಿಕೊಂಡರಂತೆ. ಅಣ್ಣನು ಅದಕ್ಕಿಂತಲೂ ಹೆಚ್ಚಾಗಿ. ಇದನ್ನು ಓದುವ ತಂದೆಯಂದಿರು ನಿಮ್ಮ ಮನೆಯಲ್ಲಿಯೂ ಒಂದು ಸಂಜೆ ಕಾಗದದ ತುಂಡನ್ನು ಹಿಡಿದು ಎಣಿಸಿರಿ; ಅರ್ಧ ಗಂಟೆಯಲ್ಲಿ ಮಗನಿಗೆ ಎಷ್ಟು ಕರೆ, ಮಗಳಿಗೆ ಎಷ್ಟು ಕರೆ. ಮಗಳು ಮನೆಗೆಲಸವನ್ನು ಕಲಿಯಬಾರದೆಂದು ನಾವು ಹೇಳುತ್ತಿಲ್ಲ. ಕೆಲಸಕ್ಕೊಂದು ಹೊತ್ತಿರಲಿ, ಇಬ್ಬರಿಗೂ ಇರಲಿ.

ಆ ಬಾಲಿಕೆ ಎಲ್ಲದರಲ್ಲಿಯೂ ಮೊದಲಿಗಳಾದಳೆಂದು ಬರೆದರೆ ಸುಳ್ಳಾಗುವುದು. ಆ ವರ್ಷದ ಕೊನೆಗೆ ಗಣಿತದಲ್ಲಿ ಮಧ್ಯಮ ತರದ ಅಂಕಗಳು ಬಂದವು. ಕಿಟಕಿಯ ಮೇಲಿನ ಪ್ರೀತಿ ಈಗಲೂ ಇದೆ. ಆಕೆ ಮೇಲಿನ ತರಗತಿಗಳಿಗೆ ಹೋಗಿದ್ದಾಳೆ. ಮೊನ್ನೆ ಮಧ್ಯಾಹ್ನ, ಸಂಚಿಕೆಗಾಗಿ ತೆಗೆಯಬೇಕಾದ ಭಾವಚಿತ್ರದ ಸಾಲನ್ನು ಗೊತ್ತುಮಾಡುವುದಕ್ಕಾಗಿ ನಾವು ನಮ್ಮ ನಿಯಮವನ್ನು ನಾವೇ ಮರೆತು ಆಕೆಯ ತರಗತಿಯ ಬಾಗಿಲಿಗೆ ಹೋಗಿ ಹೆಸರು ಹಿಡಿದು ಕರೆದೆವು. ಮಕ್ಕಳೆಲ್ಲರೂ ಎದ್ದು ನಿಂತರು. ಆಕೆ ಮಾತ್ರ ಏಳಲಿಲ್ಲ. ಪುಸ್ತಕದಿಂದ ಕಣ್ಣು ತೆಗೆಯದೆ, ತುಟಿಗಳು ಅಲುಗುತ್ತಿರಲು, ಎಡಗೈಯನ್ನು ಸ್ವಲ್ಪ ಮೇಲಕ್ಕೆತ್ತಿದಳು. ಉಪಾಧ್ಯಾಯಿನಿ ಗಾಬರಿಯಿಂದ ನಮ್ಮ ಮುಖವನ್ನು ನೋಡಿದರು. ನಾವು ಬಾಗಿಲಲ್ಲಿಯೇ ನಿಂತು, ಆಕೆಯ ಲೆಕ್ಕ ಮುಗಿಯುವ ತನಕ ಕಾದೆವು.